ಕಿಲುಬಿನ ಕೆಳಗಿದ್ದ ಆನೆ

ನಮ್ಮ ಸೋದರತ್ತೆಯ ಹತ್ತಿರ ಅವರ ಅಜ್ಜಿ ಕೊಟ್ಟಿದ್ದ ಒಂದು ಹಳೇ ತಾಮ್ರದ ಕಾಸು ಇತ್ತು. ಅದರ ಮೇಲೆ ಆನೆ ಇದೆ, ಚಿಕ್ಕವಳಿದ್ದಾಗ ಕಣ್ಣಾರೆ ನೋಡಿದ್ದೀನಿ ಅಂತ ಅತ್ತೆ ಹೇಳುತ್ತಿದ್ದರು. ನಮಗೆ ಕಾಣುತ್ತಿದ್ದದ್ದು ಕಪ್ಪು ಹಸಿರು ಮೆತ್ತಿದ ಬಿಲ್ಲೆ ಮಾತ್ರ. ಚನ್ನಗಿರಿಯಲ್ಲಿದ್ದ ನಮ್ಮಪ್ಪ ತಂಗಿಯನ್ನು ಕಂಡಾಗಲೆಲ್ಲ, "ಏನವ್ವಾ, ನಿನ್ನ ಆನೆ ಮೇವು ತಿಂತಾ?" ಅಂತ ಕೇಳೋರು. ಎಲ್ಲರೂ ನಗೋರು. ಅತ್ತೆ ನಗುತ್ತಿರಲಿಲ್ಲ.

ಎಂಬತ್ತರ ದಶಕದ ಶುರು. ನಾನು ನ್ಯಾಮತಿಯಲ್ಲಿ ಟೀಚರ್ ಆಗಿದ್ದೆ. ಬೇಸಿಗೆ ರಜೆಗೆ ಜಗಳೂರಿನ ಅತ್ತೆ ಮನೆಗೆ ಹೋದಾಗ, ಆ ಕಾಸನ್ನು ನಾನೇ ತೊಳೆದುಕೊಡ್ತೀನಿ ಅಂದೆ.

"ಹುಣಸೆಹಣ್ಣು ಹಾಕಿ ತಿಕ್ಕಬ್ಯಾಡ ಕಣವ್ವ" ಅಂದ ಅತ್ತೆ ಇನ್ನೊಂದು ಕಾಸು ತೆಗೆದು ತೋರಿಸಿದರು. "ಇದನ್ನ ಹಂಗೇ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದೆ." ಅದು ಫಳಫಳ ಹೊಳೆಯುತ್ತಿತ್ತು, ಅಚ್ಚು ಮಾತ್ರ ಸವೆದು ನುಣ್ಣಗಾಗಿತ್ತು.

ಅಜ್ಜಿಯ ಕಾಸನ್ನು ಬಿಸಿಲಿಗೆ ಹಿಡಿದು ನೋಡಿದೆ. ಹಸಿರು ಇದ್ದ ಕಡೆ ಉಗುರು ತಾಗಿದರೆ ಪುಡಿ ಉದುರುತ್ತಿತ್ತು. ಅದು ತಾಮ್ರ ತಿನ್ನೋ ಕಿಲುಬು. ಕಪ್ಪು ಕಂದು ಬಣ್ಣ ಮಾತ್ರ ಚರ್ಮದಂತೆ ನಯವಾಗಿ ಅಂಟಿಕೊಂಡಿತ್ತು. ಅದು ಇದ್ದರೆ ಇರಲಿ, ಹಸಿರು ಹೋಗಬೇಕು ಅಂದುಕೊಂಡೆ. ತುಕ್ಕು ಹಿಡಿದ ಬೀಗಕ್ಕೆ ಎಣ್ಣೆ ಬಿಡುತ್ತೇವಲ್ಲ, ಹಾಗೆ ಕಾಸನ್ನು ಶೇಂಗಾ ಎಣ್ಣೆಯಲ್ಲಿ ಮುಳುಗಿಸಿಟ್ಟೆ. ಎಣ್ಣೆ ಹಸಿರಾದಾಗಲೆಲ್ಲ ಬದಲಿಸಿದೆ. ಮೆತ್ತಗಾದ ಕಿಲುಬನ್ನು ಬಿದಿರು ಕಡ್ಡಿಯಿಂದ ಚೂರುಚೂರೇ ಬಿಡಿಸಿದೆ. ಅತ್ತೆ ಪಕ್ಕದಲ್ಲೇ ಶೇಂಗಾ ಸುಲಿಯುತ್ತ ಕೂತು, "ನಿಧಾನ, ನಿಧಾನ" ಅನ್ನುತ್ತಿದ್ದರು. ರಜೆಯೆಲ್ಲ ಇದೇ ಕೆಲಸ.

ಮೊದಲು ಒಂದು ಕಾಲು ಕಂಡಿತು. ಆಮೇಲೆ ಬಾಲ. ಒಂದು ಮಧ್ಯಾಹ್ನ ಸೊಂಡಿಲು. ಒರೆಸಿ ಅತ್ತೆಯ ಅಂಗೈಗಿಟ್ಟೆ. ಕಣ್ಣು ಮಂಜಾಗಿದ್ದ ಅವರು ಹೆಬ್ಬೆರಳಿಂದ ಸವರಿ ನೋಡಿದರು.

"ಐತೆ" ಅಂದರು. ಕಾಸನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ನಾಳೆ ಬಸ್ಸಿಗೆ ಹೋಗಾನ ನಡಿ" ಅಂದರು.

ಚನ್ನಗಿರಿಯಲ್ಲಿ ಅಪ್ಪ ಕನ್ನಡಕ ಹಾಕಿಕೊಂಡು, ಬಾಗಿಲ ಬೆಳಕಿಗೆ ಹೋಗಿ ಕಾಸನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಆನೇನೇ" ಅಂದರು ಕೊನೆಗೆ. "ನೀನು ಹೇಳಿದ್ದೇ ಖರೆ ಕಣವ್ವ. ನಾನು ಸುಮ್ಮನೆ ಆಡಿಕೊಂಡೆ."

"ಸೊಂಡಿಲು ನೋಡಣ್ಣ, ಹೆಂಗೆ ಐತೆ" ಅಂದರು ಅತ್ತೆ.

ಸಂಜೆ ಅಪ್ಪನೇ ಬೀದಿಯವರನ್ನೆಲ್ಲ ಕರೆದರು. ಅತ್ತೆ ಜಗಲಿ ಮೇಲೆ ನೆಟ್ಟಗೆ ಕೂತು, ಕಾಸನ್ನು ಯಾರ ಕೈಗೂ ಕೊಡದೆ ಅಂಗೈಯಲ್ಲೇ ಇಟ್ಟುಕೊಂಡು, ಒಬ್ಬೊಬ್ಬರನ್ನೂ ಬಗ್ಗಿಸಿ ತೋರಿಸಿದರು.