ಅವ್ವನ ಚಂಚಿ ತೆರೆಸಿದ ಅಂಗಡಿ

ನಿಪ್ಪಾಣಿಯಲ್ಲಿ ಆ ದೊಡ್ಡ ಅಂಗಡಿ ತೆರೆದಾಗ ತುಂಬ ಖುಷಿಪಟ್ಟವರಲ್ಲಿ ನಮ್ಮವ್ವನೂ ಒಬ್ಬಳು. ಊರೆಲ್ಲ ಅದನ್ನು ಮಾಲ್ ಎಂದೇ ಕರೆಯಿತು. ಒಳಗೆ ತಂಪು ಗಾಳಿ, ಮುಖ ಕಾಣುವಂಥ ನೆಲ, ಯಾರನ್ನೂ ಕೇಳದೆ ಕೈಗೆತ್ತಿಕೊಂಡು ಮೂಸಿ ನೋಡಬಹುದಾದ ಸಾಬೂನುಗಳು. ಜೀವನವಿಡೀ ಬೀಡಿ ಕಟ್ಟಿ, ತಂಬಾಕಿನ ಘಾಟು ಬಿಟ್ಟು ಬೇರೆ ವಾಸನೆಯೇ ಮೂಗಿಗೆ ಹತ್ತದಿದ್ದ ಹೆಂಗಸಿಗೆ ಅದೊಂದು ತಿರುಗಾಟವೇ ಆಗಿಬಿಟ್ಟಿತು. ನಾನು ಸಾರಿಗೆ ಬಸ್ಸಿನ ಕಂಡಕ್ಟರ್. ನನ್ನ ವಾರದ ರಜೆ ಬಂತೆಂದರೆ ಅವ್ವ ಬೆಳಿಗ್ಗೆಯೇ ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ಕೂತಿರುತ್ತಿದ್ದಳು. "ಮಾಲಿಗೆ ಹೋಗೂಣೇನ?" ಎಂದು ಕೇಳುವ ಗೋಜಿಗೂ ಹೋಗುತ್ತಿರಲಿಲ್ಲ.

ಅಂಥದೇ ಒಂದು ರಜೆಯ ದಿನ ನಾನು ಬಿಲ್ ಮಾಡಿಸಿ ಚೀಲ ಎತ್ತಿಕೊಂಡು ತಿರುಗಿದರೆ ಹಿಂದೆ ಅವ್ವ ಇರಲಿಲ್ಲ. ಬಾಗಿಲ ಹತ್ತಿರದ ಕಾವಲುಗಾರನನ್ನು ಕೇಳಿದೆ. ಅವನು ನನ್ನ ಮುಖ ನೋಡದೆ, ಅಕ್ಕಿ ಚೀಲಗಳ ಆಚೆಗಿದ್ದ ಒಂದು ಸಣ್ಣ ಬಾಗಿಲಿನ ಕಡೆ ಕೈ ಮಾಡಿದ.

ಒಳಗೆ ಒಂದು ಇಕ್ಕಟ್ಟಾದ ಕೋಣೆ. ಗೋಡೆ ತುಂಬ ಟಿವಿ ಪರದೆಗಳು. ಅವ್ವ ಮೂಲೆಯಲ್ಲಿ ನಿಂತಿದ್ದಳು. ಅವಳ ಎಲೆ-ಅಡಿಕೆಯ ಚಂಚಿಯನ್ನು ಮೇಜಿನ ಮೇಲೆ ಸುರುವಿದ್ದರು. ವೀಳ್ಯದೆಲೆ, ಸುಣ್ಣದ ಡಬ್ಬಿ, ಮನೆಯ ಬೀಗದ ಕೈ, ಪಿನ್ನುಗಳು, ನೋವಿನ ಮುಲಾಮಿನ ಒಂದು ಪುಟ್ಟ ಡಬ್ಬಿ. ಅಂಗಡಿಯ ಅಂಗಿ ತೊಟ್ಟ ಹುಡುಗಿಯೊಬ್ಬಳು ಅವ್ವನ ಸೆರಗು ಸರಿಸಿ ಸೊಂಟ ತಡವುತ್ತಿದ್ದಳು. ನೋಡಿದರೆ ನಮ್ಮ ಓಣಿಯದೇ ಹುಡುಗಿ. ಅವಳ ತಾಯಿ ಅವ್ವನ ಜೊತೆಗೇ ಬೀಡಿ ಕಟ್ಟಿದವಳು.

"ಏನ್ ನಡಿಸೀರಿ ಇದು?" ಎಂದು ಕೂಗಿದೆ.

ಮ್ಯಾನೇಜರ್ ಚಿಕ್ಕ ವಯಸ್ಸಿನವನು, ಕೊಲ್ಲಾಪುರದ ಕಡೆಯವನು. ಬಹಳ ಶಾಂತವಾಗಿ ಒಂದು ಪರದೆ ತೋರಿಸಿದ. "ನೋಡ್ರಿ ಮ್ಯಾಡಮ್. ಆಜಿ ಮುಲಾಮು ತಗದಾರ, ಹಣಿಗೆ ಹಚ್ಚಿಕೊಂಡಾರ, ಚೀಲದಾಗ ಇಟ್ಟಾರ. ಆ ಕಡೆ ಈ ಕಡೆ ನೋಡಾಕತ್ತಾರ, ಅದನ್ನೂ ನೋಡ್ರಿ."

ಪರದೆಯಲ್ಲಿ ಅವ್ವ ಮೇಲಿನಿಂದ ಕಾಣುತ್ತಿದ್ದಳು. ನಾನು ಅವಳನ್ನು ಆ ಕೋನದಿಂದ ಎಂದೂ ನೋಡಿರಲಿಲ್ಲ. ನೆತ್ತಿಯ ಬಿಳಿ ಬೈತಲೆ, ಸಣ್ಣ ಹೆಗಲು. ತಂಪು ಗಾಳಿಗೆ ತಲೆನೋವು ಬಂದು ತನ್ನದೇ ಡಬ್ಬಿ ತೆಗೆದು ಹಚ್ಚಿಕೊಂಡಿದ್ದಳು. ಆ ಕಡೆ ಈ ಕಡೆ ನೋಡಿದ್ದು ನನ್ನನ್ನು ಹುಡುಕಲು.

"ಅರ್ಧ ಖಾಲಿ ಆದ ಡಬ್ಬಿ ನೀವ್ ಮಾರತೀರೇನ್ರಿ?" ಎಂದೆ.

"ಕೆಲವ್ರು ಇಲ್ಲೇ ಬಳಸತಾರ್ರಿ," ಎಂದ ಅವನು.

ಯಾರನ್ನೋ ಕಳಿಸಿ ಹಲಗೆಯ ಮೇಲಿನ ಡಬ್ಬಿಗಳನ್ನು ಕಂಪ್ಯೂಟರಿನ ಲೆಕ್ಕಕ್ಕೆ ತಾಳೆ ನೋಡಿಸಿದ. ಸರಿಯಾಗಿತ್ತು. "ಓಕೆ, ಹೋಗ್ರಿ" ಎಂದ. ತಪ್ಪಾಯಿತು ಎನ್ನಲಿಲ್ಲ. ಕೇಳಿದ್ದಕ್ಕೆ, "ನಾವ್ ಬೇಕಂತ ಮಾಡಿಲ್ರಿ. ಸಿಸ್ಟಮ್ ಹಂಗೈತಿ" ಎಂದ. ಅವ್ವ ಒಂದೊಂದೇ ಸಾಮಾನು ಚಂಚಿಗೆ ತುಂಬಿಕೊಂಡಳು. ನಾನು ಸಹಾಯಕ್ಕೆ ಹೋದರೆ ಕೈ ತಳ್ಳಿದಳು.

ಮನೆಗೆ ಬಂದು ನೀರು ಕುಡಿದ ಮೇಲೆ ಮಾತಾಡಿದಳು. "ಸಣ್ಣಾಕಿ ಇದ್ದಾಗ ತಂಬಾಕಿನ ವಖಾರ್ಯಾಗ ದುಡಿಯಾಕ ಹೋಗತಿದ್ನಿ. ಸಂಜಿಕೆ ಬಿಡೂ ಮುಂದ ಗೇಟಿನ್ಯಾಗ ನಿಂದರಿಸಿ ಮೈ ಮುಟ್ಟಿ ನೋಡವ್ರು, ತಂಬಾಕ ಕದ್ದೇವೇನೋ ಅಂತ. ಅದು ಬ್ಯಾಡಂತ ನಾವ್ ಹೆಂಗಸರೆಲ್ಲ ರಸ್ತಾದಾಗ ಕುಂತ್ವಿ, ಬೈಸಿಕೊಂಡ್ವಿ. ಆಗ ಕೂಲಿ ಮಾಡೂವಾಗ ಮೈ ತಡವ್ಯಾಡತಿದ್ರು. ಈಗ ರೊಕ್ಕಾ ಕೊಟ್ಟು ತರಾಕ ಹೋದ್ರೂ ತಡವ್ಯಾಡತಾರಲ್ಲ ಬೇ!"

ನಾನು ಚೀಲದ ಸಾಮಾನನ್ನು ಒಂದೊಂದಾಗಿ ತೆಗೆದಿಟ್ಟೆ.

ಕೆಲವು ದಿನಗಳಾದ ಮೇಲೆ ಒಂದು ಸಂಜೆ ಆ ಹುಡುಗಿ ನಮ್ಮ ಮನೆಗೆ ಬಂದಳು. ಹೊಸ್ತಿಲ ಹೊರಗೇ ನಿಂತಳು. ನಾನು ಒಳಗೆ ಕರೆಯಲಿಲ್ಲ. ಅವ್ವನೇ, "ಬಾರs, ಯಾಕ ನಿಂತಿ" ಎಂದು ಕರೆದು ಕೂರಿಸಿದಳು. ಕೂತವಳು ತನ್ನ ಪಾದಗಳನ್ನು ಒತ್ತಿಕೊಳ್ಳತೊಡಗಿದಳು. ಕಣಕಾಲು ಊದಿದ್ದವು.

"ಆಯಿ, ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ," ಎಂದಳು. "ಮುಟ್ಟಿ ನೋಡಂದ್ರ ನೋಡಬೇಕ. ಸಾಮಾನ ಕಡಿಮಿ ಬಿತ್ತಂದ್ರ ನಮ್ಮೆಲ್ಲಾರ ಪಗಾರದಾಗ ಮುರಕೋತಾರ. ನಮಗ ಕುಂದ್ರಾಕ ಕುರ್ಚಿ ಇಲ್ಲ. ಸಂಡಾಸಕ್ಕ ಹೋದ್ರೂ ಎಷ್ಟೊತ್ತಾತು ಅಂತ ಕ್ಯಾಮೆರಾದಾಗ ನೋಡಿ ಕೇಳತಾರ."

"ಮತ್ತ ಬಿಟ್ಟು ಬಾ," ಎಂದೆ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಬಿಟ್ಟು ಎಲ್ಲಿ ಹೋಗ್ಲಿ ಅಕ್ಕಾ? ಬೀಡಿ ಕಟ್ಟಲೇನು?"

ಅವ್ವ ನಕ್ಕಳು. ನನಗೆ ನಗು ಬರಲಿಲ್ಲ. ಏಳುವ ಮುಂದೆ ಹುಡುಗಿ ನಿಜವಾದ ಸುದ್ದಿ ಹೇಳಿದಳು. ಕ್ಯಾಮೆರಾದಲ್ಲಿ ಸಿಕ್ಕ ಅವ್ವನ ಮುಖವನ್ನು ಫೋಟೋ ತೆಗೆದು ಸಿಬ್ಬಂದಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದರು. ಈ ಮುಖದವರು ಬಂದರೆ ನಿಗಾ ಇಡಿ ಎಂದು ಬರೆದಿದ್ದರು. ಕದ್ದಿಲ್ಲ ಎಂದು ಗೊತ್ತಾದ ಮೇಲೂ ತೆಗೆದಿರಲಿಲ್ಲ.

ಮರುದಿನ ಡ್ಯೂಟಿ ಮುಗಿಸಿ ಖಾಕಿ ಅಂಗಿಯಲ್ಲೇ ಮಾಲಿಗೆ ಹೋದೆ. ಮ್ಯಾನೇಜರ್ ಚಹಾ ತರಿಸಿದ. ಕುಡಿಯಲಿಲ್ಲ. ಫೋಟೋ ತೆಗೆದುಹಾಕಿ ಎಂದೆ.

"ನನ್ನ ಕೈಯಾಗ ಇಲ್ರಿ. ಅದು ಹೆಡ್ ಆಫೀಸಿಗೆ ಹೋಗೇತಿ."

"ಹೆಡ್ ಆಫೀಸ್ ನಂಬರ್ ಕೊಡ್ರಿ."

ಬಿಲ್ಲಿನ ಹಿಂದೆ ಅಚ್ಚಾಗಿದ್ದ ನಂಬರನ್ನೇ ತೋರಿಸಿದ. ಆ ನಂಬರಿಗೆ ಎಷ್ಟು ಸಲ ಮಾಡಿದೆನೋ. ಹಿಂದಿಗಾಗಿ ಒಂದು ಒತ್ತಿ, ಇಂಗ್ಲಿಷಿಗಾಗಿ ಎರಡು ಒತ್ತಿ. ಕನ್ನಡಕ್ಕೂ ಮರಾಠಿಗೂ ಒತ್ತಲು ಏನೂ ಇರಲಿಲ್ಲ. ಕೊನೆಗೆ ಒಬ್ಬಳು ಸಿಕ್ಕಳು. ಬಿಲ್ ನಂಬರ್ ಕೇಳಿದಳು. ಸಾಮಾನಿನ ದೂರಲ್ಲ, ನಮ್ಮ ತಾಯಿಯ ದೂರು ಎಂದರೆ ಅವಳಿಗೆ ತಿಳಿಯಲಿಲ್ಲ. ಯಾವ ವಸ್ತುವನ್ನು ವಾಪಸ್ ಮಾಡಬೇಕು ಎಂದು ಮತ್ತೆ ಮತ್ತೆ ಕೇಳಿದಳು. ನಾನು ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ ಟಿಕೆಟ್ ಮಶೀನು ಹಿಡಿದುಕೊಂಡು ಜನರ ನಡುವೆ ಕಿರುಚಾಡಿದೆ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದರು.

ಚಿಕ್ಕೋಡಿ ಕೋರ್ಟಿಗೆ ದಿನವೂ ನನ್ನ ಬಸ್ಸಿನಲ್ಲಿ ಬರುವ ವಕೀಲರೊಬ್ಬರನ್ನು ಕೇಳಿದೆ. ಅವರು ಒಳ್ಳೆಯವರು. "ಕೇಸ್ ಮಾಡಬಹುದವ್ವಾ. ಖರೇನs ಅವಮಾನ ಆಗೇತಿ. ಆದ್ರ ತಾರೀಖಿನ ಮ್ಯಾಲ ತಾರೀಖು ಬೀಳತಾವ, ನಿನಗ ರಜಾ ಸಿಗತೈತೇನು? ಅವರಿಗೇನು, ಯಾವನೋ ವಕೀಲನ್ನ ಕಳಸತಾರ," ಎಂದರು. ನಾನು ಅವರಿಗೆ ಟಿಕೆಟ್ ಹರಿದುಕೊಟ್ಟು ಮುಂದಿನ ಸೀಟಿಗೆ ಹೋದೆ.

ಇರಲಿ, ಇನ್ನು ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ತೀರ್ಮಾನಿಸಿದೆವು. ನಮ್ಮ ಓಣಿಯ ತಿರುವಿನಲ್ಲಿ ಚಾಚಾನ ಕಿರಾಣಿ ಅಂಗಡಿ ಇತ್ತು. ನಾನು ಹುಟ್ಟುವ ಮೊದಲಿನಿಂದ ಇದ್ದ ಅಂಗಡಿ. ಬಹಳ ದಿನಗಳ ಮೇಲೆ ಅಲ್ಲಿಗೆ ಹೋದಾಗ ಅರ್ಧ ಬಾಗಿಲು ಮುಚ್ಚಿತ್ತು. ಹಲಗೆಗಳು ಬರಿದಾಗಿದ್ದವು. ಚಾಚಾ ನನ್ನನ್ನು ನೋಡಿ ಎದ್ದು ನಿಂತರು. ಅಡುಗೆ ಎಣ್ಣೆ, ಸಕ್ಕರೆ, ಬೇಳೆ ಕೇಳಿದೆ. ಒಳಗಿನಿಂದ ತಂದುಕೊಟ್ಟರು. ಮನೆಗೆ ತಂದು ಅವ್ವನ ಮುಂದಿಟ್ಟರೆ ಎಣ್ಣೆಯ ಪಾಕೀಟಿನ ಮೇಲೆ ಆ ಮಾಲಿನದೇ ದರದ ಚೀಟಿ ಅಂಟಿಕೊಂಡಿತ್ತು.

ಹೊರಳಿ ಹೋಗಿ ಕೇಳಿದೆ. ಚಾಚಾ ತಲೆ ತಗ್ಗಿಸಿದರು.

"ಏನ್ ಮಾಡ್ಲಿ ಬೇಟಾ. ಕಂಪನಿ ಏಜೆಂಟ್ ನನಗ ಕೊಡೂ ರೇಟಿಗಿಂತ ಮಾಲ್‌ನ್ಯಾಗ ಅಗ್ಗ ಐತಿ. ನಮ್ಮಂಥವ್ರಿಗೆ ಸಾಮಾನ ಹಾಕಾಕ ಅವ ಈಗ ಬರೂದೂ ಇಲ್ಲ. ಅದಕ್ಕ ಆಫರ್ ಇದ್ದಾಗ ನಾನs ಅಲ್ಲಿಂದ ತಂದು ಮಾರತೇನಿ. ಆಫರ್ ಸೈತ ಈಗ ಕಡಿಮಿ ಆಗ್ಯಾವ. ಬಾಜೂಕಿನ ಅಂಗಡಿ ಎಲ್ಲಾ ಬಂದಾದ್ವಲ್ಲ, ಇನ್ಯಾಕ ಕೊಡತಾರ?"

ನಾನು ಅವರನ್ನು ಬಯ್ಯಲು ಹೋಗಿದ್ದೆ. ಬಯ್ಯಲಾಗಲಿಲ್ಲ. ನಾವೇ ವಾರವಾರ ಒಳ್ಳೆಯ ಸೀರೆ ಉಟ್ಟು ಮಾಲಿಗೆ ನಡೆಯುತ್ತಿದ್ದಾಗ ಅವರು ಇದೇ ಕಟ್ಟೆಯಲ್ಲಿ ಕೂತು ನೋಡುತ್ತಿದ್ದರು.

ಈ ಮಾತು ಕೇಳಿದ ಅವ್ವ, "ಹೆಂಗಿದ್ರೂ ಅಲ್ಲಿಂದs ಬರತೈತಿ ಅಂದ್ರ ಮಾಲಿಗೇ ಹೋಗೂಣ" ಎಂದಳು. ನಾನು ಬೇಡವೆಂದೆ. ಅವಳು ಕೇಳಲಿಲ್ಲ.

ಮಾಲಿನ ಬಾಗಿಲಲ್ಲಿ ಕಾವಲುಗಾರನ ಮೇಜಿತ್ತು. ಅವ್ವ ಒಳಗೆ ಹೋಗಲಿಲ್ಲ. ಮೇಜಿನ ಮುಂದೆ ನಿಂತು ಚಂಚಿಯ ದಾರ ಬಿಚ್ಚಿ ಒಂದೊಂದೇ ಸಾಮಾನು ತೆಗೆದಿಡತೊಡಗಿದಳು. ಇಡುವಾಗ ಗಟ್ಟಿ ದನಿಯಲ್ಲಿ ಹೆಸರು ಹೇಳುತ್ತಿದ್ದಳು. "ಇದು ಎಲಿ, ನಂದು. ಇದು ಸುಣ್ಣದ ಡಬ್ಬಿ, ನಂದು. ಇದು ಕೀಲಿ, ನಮ್ಮ ಮನೀದು. ಎಲ್ಲಾ ಬರಕೋಪಾ. ಹೊಳ್ಳಿ ಹೋಗೂ ಮುಂದ ಮತ್ತ ತಂಟೆ ಬ್ಯಾಡ."

ಅದು ಸಂತೆಯ ದಿನ. ಹಿಂದೆ ಜನ ಕೂಡಿದರು. ಒಬ್ಬ ಹೆಂಗಸು ಏನಾಯಿತೆಂದು ಕೇಳಿದಳು. ಅವ್ವ ಕನ್ನಡದಲ್ಲಿ ಹೇಳಿ, ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದಳು. ಮ್ಯಾನೇಜರ್ ಓಡಿ ಬಂದ. "ಆಜೀ, ರಾಗಾವೂ ನಕಾ, ಸಿಟ್ಟ ಮಾಡಬ್ಯಾಡ್ರಿ, ಒಳಗ ಬರ್ರಿ" ಎಂದು ಕೈ ಮುಗಿದ.

"ಒಳಗ ಯಾಕ? ಆ ಸಣ್ಣ ಖೋಲಿಗೇನು? ಇಲ್ಲೇ ಹೇಳು, ಎಲ್ಲಾರ ಮುಂದ. ನಾ ಕದ್ದೇನೇನು?"

"ಇಲ್ರಿ."

"ಗಟ್ಟಿ ಹೇಳು."

"ಆಜಿ ಏನೂ ಕದ್ದಿಲ್ರಿ, ನಮ್ಮದs ತಪ್ಪಾತು," ಎಂದ. ಜನ ಕೇಳಿಸಿಕೊಂಡರು. ಅವ್ವ ತನ್ನ ಸಾಮಾನು ತುಂಬಿಕೊಂಡು ಒಳಗೆ ಹೋಗಿ, ಬೇಕಾದ್ದನ್ನು ಕೊಂಡು, ಹಣ ಕೊಟ್ಟು ಬಂದಳು. ಅಂದು ರಾತ್ರಿ ಚೆನ್ನಾಗಿ ಊಟ ಮಾಡಿದಳು.

ನನಗೂ ಗೆದ್ದಂತೆ ಅನಿಸಿತ್ತು. ಆ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ. ನಮಗೆ ಫೋಟೋದ ವಿಷಯ ಹೇಳಿದ್ದು ಯಾರು ಎಂದು ಅಂಗಡಿಯಲ್ಲಿ ವಿಚಾರಣೆ ನಡೆಯಿತು. ಹುಡುಗಿ ನಮ್ಮ ಓಣಿಯವಳೆಂದು ಗೊತ್ತಾಯಿತು. ಅವಳನ್ನು ತೆಗೆದುಹಾಕಲಿಲ್ಲ. ಅಥಣಿಯಲ್ಲಿ ಹೊಸದಾಗಿ ತೆರೆದ ಅವರದೇ ಅಂಗಡಿಗೆ ಹಾಕಿದರು. ದಿನಾ ಹೋಗಿ ಬರುವ ದಾರಿಯಲ್ಲ. ತಾನಾಗಿ ಬಿಟ್ಟುಹೋಗಲಿ ಎಂಬ ಲೆಕ್ಕವಿರಬೇಕು. ಅವಳು ಬಿಡಲಿಲ್ಲ. ಅಲ್ಲೇ ನಾಲ್ಕು ಜನರೊಡನೆ ಒಂದು ಖೋಲಿ ಹಿಡಿದಳು. ಮ್ಯಾನೇಜರ್ ಕೂಡ ಬದಲಾದ. ಈಗಿನವನಿಗೆ ಅವ್ವನೂ ಗೊತ್ತಿಲ್ಲ, ಆ ಸಂತೆಯ ದಿನವೂ ಗೊತ್ತಿಲ್ಲ. ಯಾರ ಮೇಲೆ ಸಿಟ್ಟಾಗಲಿ?

ಹೋದ ವಾರ ಅಥಣಿ ಮಾರ್ಗದ ಬಸ್ಸಿನಲ್ಲಿ ಆ ಹುಡುಗಿ ಸಿಕ್ಕಳು. ರಜೆ ಮುಗಿಸಿ ಹೊರಟಿದ್ದಳು. ಅಂಕಲಿ ದಾಟಿ ಬಸ್ಸು ಹೊಳೆಯ ಸೇತುವೆ ಹತ್ತಿದಾಗ ಗದ್ದಲ ಕಡಿಮೆಯಾಯಿತು. ಅವಳ ಬದಿಗೆ ಹೋಗಿ ಕೂತೆ. ಊಟ, ಖೋಲಿ, ಅವಳ ತಾಯಿಯ ಆರೋಗ್ಯ, ಎಲ್ಲ ಕೇಳಿದೆ. ಅವಳು ಕಿಟಕಿಯ ಕಡೆ ನೋಡುತ್ತ ಹೇಳಿದಳು.

"ಅಕ್ಕಾ, ಆಯಿಗೆ ಹೇಳಬ್ಯಾಡ್ರಿ. ಅಥಣ್ಯಾಗೂ ಅವರ ಫೋಟೋ ಐತಿ. ಹೊಸಾ ಅಂಗಡಿ ತೆರದ್ರ ಹಳೀ ಫೋಟೋ ಎಲ್ಲಾ ತಾವs ಬರತಾವಂತ."

ಮುಂದಿನ ಸ್ಟಾಪಿನಲ್ಲಿ ಜನ ಹತ್ತಿದರು. ಎದ್ದು ಟಿಕೆಟ್ ಕೊಡಲು ಹೋದೆ. ಒಬ್ಬರು ಚಿಲ್ಲರೆಗಾಗಿ ಜಗಳ ತೆಗೆದರು, ನಾನು ಎಂದಿಗಿಂತ ಜೋರಾಗಿ ಬೈದೆ. ಅವರು ಬೆರಗಾಗಿ ನನ್ನನ್ನೇ ನೋಡಿದರು.

ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹುಡುಗಿ ಸಿಕ್ಕಿದ್ದಳು ಎಂದೆ.

"ಹೌದೇನ? ಅಥಣಿ ಅಂಗಡಿ ಹೆಂಗ ಐತಂತ?"

"ಭಾಳ ದೊಡ್ಡದ ಐತಂತ," ಎಂದು ಹೇಳಿ ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ.