ಉಡಿಯಲ್ಲಿ ಬಂದ ಜರ್ಸಿ

ಸೊಲ್ಲಾಪುರ ರಸ್ತೆಯ ಪಂಕ್ಚರ್ ಅಂಗಡಿಗಳ ಮುಂದೆ ಹಾದುಹೋಗುವಾಗ ಬಿಸಿಲಿಗೆ ಕಾದ ರಬ್ಬರಿನ ವಾಸನೆ ಮೂಗಿಗೆ ಬಡಿಯುತ್ತದಲ್ಲ, ಅದು ಬಂದರೆ ಇವತ್ತಿಗೂ ನನ್ನ ಕಾಲು ತಾನೇ ನಿಧಾನವಾಗುತ್ತದೆ. ಅದು ನಮ್ಮ ಮನೆಯ ವಾಸನೆ. ಬೇರೆಯವರ ಪಡಸಾಲೆಯಲ್ಲಿ ಜೋಳದ ಚೀಲಗಳಿದ್ದರೆ ನಮ್ಮಲ್ಲಿ ಬಾಸ್ಕೆಟ್‌ಬಾಲುಗಳ ಚೀಲವಿರುತ್ತಿತ್ತು. ಕಾಕಾನ ಹೆಂಡತಿ, ನನ್ನ ಚಿಗವ್ವ, ಊರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಆ ಆಟ ಕಲಿಸುತ್ತಿದ್ದಳು. ಕಾಲೇಜಿನಲ್ಲಿಟ್ಟರೆ ಇಲಿ ಕಡಿಯುತ್ತವೆಂದು ಚೆಂಡುಗಳನ್ನು ಮನೆಗೇ ತರುತ್ತಿದ್ದಳು. "ಇದೇನ ಮನಿನೋ, ಗ್ಯಾರೇಜೋ?" ಎಂದು ಗೊಣಗುತ್ತಲೇ ಅಜ್ಜಿ ಅದೇ ಚೀಲಕ್ಕೆ ಬೆನ್ನು ಆನಿಸಿ ಶೇಂಗಾ ಸುಲಿಯುತ್ತಿದ್ದಳು. ಆ ಮನೆ ಈಗಿಲ್ಲ, ಅಲ್ಲೊಂದು ಟೈಲ್ಸ್ ಅಂಗಡಿಯಿದೆ.

ಕೋಚ್ ಅಂದರೆ ಸೀಟಿ ಊದುವುದು ಎಂದು ತಿಳಿದವರಿದ್ದಾರೆ. ಚಿಗವ್ವನ ಅರ್ಧ ಆಯುಷ್ಯ ಕಂಡವರ ಅಡುಗೆಮನೆಯಲ್ಲಿ ಕಳೆಯಿತು. ರಜೆಯ ದಿನ ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತುತ್ತಿದ್ದಳು. ಒಂದು ವಾರ ತಿಕೋಟಾ, ಒಂದು ವಾರ ಅರಕೇರಿ. ಆಡಬಲ್ಲ ಹುಡುಗಿಯೊಬ್ಬಳ ತಾಯಿಯ ಪಕ್ಕ ಕೂತು, ಬಿಸಿ ರೊಟ್ಟಿ, ಖಾರಬ್ಯಾಳಿ ಉಂಡು, ಮಳೆ ಬೆಳೆ ವಿಚಾರಿಸಿ, ಕೊನೆಗೆ ಹೇಳುವುದು ಒಂದೇ ಮಾತು: "ನಿಮ್ಮ ಮಗಳನ್ನ ನಾನ ಕರಕೊಂಡ ಹೋಗ್ತೀನ್ರಿ. ನಾನ ತಂದು ಬಾಗಲಕ್ಕ ಬಿಡ್ತೀನ್ರಿ." "ಚಡ್ಡಿ ಹಾಕ್ಕೊಂಡು ಆಡ್ತಾರಂತಲ್ರಿ ಅಕ್ಕಾರ?" ಎಂದರೆ, "ಉದ್ದನ್ನ ಪ್ಯಾಂಟ ಹೊಲಸ್ತೀನಿ ಬಿಡ್ರಿ!" ಪಂದ್ಯ ಸೋಲಲಿ ಗೆಲ್ಲಲಿ, ಒಬ್ಬೊಬ್ಬಳನ್ನೂ ಅವಳವಳ ಬಾಗಿಲಿಗೆ ಬಿಟ್ಟ ಮೇಲೆಯೇ ಚಿಗವ್ವ ಮನೆಗೆ ಬರುತ್ತಿದ್ದಳು. ಮರುದಿನ ನಮ್ಮ ಮಾಳಿಗೆಯ ಮೇಲೆ ಎಲ್ಲರ ಜರ್ಸಿಗಳು ಒಣಗುತ್ತಿದ್ದವು.

ಅವಳಿಗಿದ್ದದ್ದು ಒಂದೇ ಹಂಬಲ. ತನ್ನ ಕೈಯಲ್ಲಿ ಪಳಗಿದ ಒಬ್ಬ ಹುಡುಗಿಯಾದರೂ ರಾಜ್ಯದ ತಂಡದಲ್ಲಿ ಆಡಬೇಕು. ವರ್ಷಗಟ್ಟಲೆ ಕಾದ ಮೇಲೆ ಘೋಣಸಗಿಯ ಸಾವಂತ್ರಿ ಸಿಕ್ಕಳು. ಜೋಳದ ದಂಟಿನಂತೆ ಎತ್ತರ, ಬಾಯಿ ಮಾತ್ರ ಇಲ್ಲವೇ ಇಲ್ಲ. ಅವಳು ಚೆಂಡು ಎಸೆದರೆ ಚಿಗವ್ವ ಕಂಬದ ಮೇಲಿನ ಬಳೆಯತ್ತ ನೋಡುತ್ತಲೇ ಇರಲಿಲ್ಲ, ಸದ್ದು ಕೇಳಿ ನಗುತ್ತಿದ್ದಳು. ರಾಜ್ಯದ ಆಯ್ಕೆಗೆ ಅವಳ ಹೆಸರೂ ಹೋಯಿತು. ಆಯ್ಕೆ ಎದುರಿಗಿದೆ ಎನ್ನುವಾಗ ಹುಡುಗಿ ಕಾಲೇಜಿಗೇ ಬರಲಿಲ್ಲ. ಬಬಲೇಶ್ವರದ ಗಂಡಿನ ಕಡೆಯವರು ಬಂದು ನೋಡಿ ಒಪ್ಪಿದ್ದಾರೆಂದು ಸುದ್ದಿ ಬಂತು. ಚಿಗವ್ವ ನನ್ನ ಕೈ ಹಿಡಿದು ಘೋಣಸಗಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತ, ಹೇಳಬೇಕಾದದ್ದನ್ನು ಬಾಯಿಪಾಠ ಮಾಡುತ್ತಿದ್ದಳು.

ಸಾವಂತ್ರಿಯ ತಾಯಿ ಜಾಣೆ. "ಬರ್ರಿ ಅಕ್ಕಾರ" ಎಂದು ಚಹಾ ಕೊಟ್ಟಳು, ಚಿಗವ್ವ ಲೋಟ ಕೆಳಗಿಡುವುದರೊಳಗೆ ಮೊರ ಹಿಡಿದು ಬಂದಳು. "ಮೊದಲ ಉಡಿ ತುಂಬತೀನಿ, ಏಳ್ರಿ." ನಮ್ಮ ಕಡೆ ಮುತ್ತೈದೆಗೆ ಉಡಿ ತುಂಬಿದರೆಂದರೆ ಮರ್ಯಾದೆಯಿಂದ ಬೀಳ್ಕೊಟ್ಟಂತೆಯೇ. ತುಂಬಿದ ಉಡಿ ಕಟ್ಟಿಕೊಂಡು ಅದೇ ಮನೆಯಲ್ಲಿ ನಿಂತು ವಾದ ಮಾಡುವುದುಂಟೇ? ಬೇಡ ಎನ್ನುವುದಂತೂ ಕೆಡುಕು ಬಯಸಿದ ಹಾಗೆ. ಚಿಗವ್ವ ಸೆರಗೊಡ್ಡಿದಳು. ಅಕ್ಕಿ ಬಿತ್ತು, ಕೊಬ್ಬರಿ, ಉತ್ತತ್ತಿ, ಅರಿಸಿನ ಬೇರು ಬಿದ್ದವು. ಕುಪ್ಪಸದ ಖಣ ಇಡುವ ಜಾಗದಲ್ಲಿ ಆ ತಾಯಿ, ಒಗೆದು ಮಡಚಿದ ಸಾವಂತ್ರಿಯ ಜರ್ಸಿ ಇಟ್ಟಳು. ಚಿಗವ್ವ ಒಮ್ಮೆ ಅಡುಗೆಮನೆಯ ಮುಚ್ಚಿದ ಬಾಗಿಲತ್ತ ನೋಡಿದಳು. ಅದು ತೆರೆಯಲಿಲ್ಲ. ಗಂಟು ಬಿಗಿದು, ಹೊಸ್ತಿಲು ದಾಟಿ ಬಂದುಬಿಟ್ಟಳು.

"ಅಕಿಗೇ ಮನಸಿಲ್ಲ ಬಿಡು. ಇದ್ದಿದ್ರ ಹೊರಗ ಬರ್ತಿದ್ಲು" ಎಂದು ಬಸ್ಸಿನಲ್ಲಿ ಅಂದವಳು ಮುಖ ಕಿಟಕಿಗೆ ತಿರುಗಿಸಿ ಅತ್ತಳು. ದೊಡ್ಡವರು ಹಾಗೆ ಅಳುವುದನ್ನು ನಾನು ಮೊದಲು ಕಂಡದ್ದು ಅವತ್ತೇ. ಆಮೇಲೆ ಅವಳು ಯಾರ ಅಡುಗೆಮನೆಗೂ ಹೋಗಲಿಲ್ಲ. ತಾವಾಗಿ ಬಂದವರಿಗೆ ಕಲಿಸಿದಳು, ಬರುವವರು ಕಡಿಮೆಯಾದರು. ಅವಳು ನಿವೃತ್ತಳಾದ ಮೇಲೆ ಕಾಲೇಜಿನವರು ಬಾಸ್ಕೆಟ್‌ಬಾಲಿನ ಕಂಬ ಕಿತ್ತು ಆ ಜಾಗದಲ್ಲಿ ಸ್ಕೂಟರ್ ನಿಲ್ಲಿಸತೊಡಗಿದರು. ಜರ್ಸಿ ಮಾತ್ರ ಅವಳ ಟ್ರಂಕಿನಲ್ಲೇ ಉಳಿಯಿತು, ಬೇರೆ ಹುಡುಗಿಗೆ ಕೊಡಲಿಲ್ಲ.

ಹೋದ ವರ್ಷ ಚಿಗವ್ವ ತೀರಿಕೊಂಡಳು. ದಿನಕರ್ಮವೆಲ್ಲ ಮುಗಿದ ಮೇಲೆ ಬಬಲೇಶ್ವರದಿಂದ ಎತ್ತರದ ಹೆಂಗಸೊಬ್ಬಳು ಬಂದಳು. ಕೂದಲು ನೆರೆತಿದ್ದರೂ ಸಾವಂತ್ರಿಯನ್ನು ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಫೋಟೋದ ಮುಂದೆ ಬಹಳ ಹೊತ್ತು ಕೂತಿದ್ದು, ಆಮೇಲೆ ನನ್ನ ಅವ್ವನಿಗೆ ಹೇಳಿದಳು: "ಅವತ್ತ ಅಡಗಿಮನಿ ಬಾಗಲ ಹಿಂದ ನಿಂತಿದ್ನಿರಿ. ಅಡಗಿಮನ್ಯಾಗ, ಬೂಟು ಹಾಕ್ಕೊಂಡ! 'ಬರ್ತೀಯೇನ ಸಾವಂತ್ರಿ' ಅಂತ ಅಕ್ಕಾರು ಒಂದ ಮಾತ ಕೇಳಿದ್ರ, ಅಪ್ಪ ಕಡದ್ರೂ ಹೊಂಟ ಬರಾಕಿ ನಾ. ಕೇಳಲೇ ಇಲ್ರಿ. ಅವರಿಗೂ ನಾ ಬ್ಯಾಡಾದೆ ಅಂದ್ಕೊಂಡ್ನಿ."

ಈ ಮಾತು ಕೇಳಬೇಕಾಗಿದ್ದವಳು ಗೋಡೆಯ ಮೇಲೆ ಹೂವಿನ ಹಾರ ಹಾಕಿಕೊಂಡು ಕೂತಿದ್ದಳು. ಅವ್ವ ಎದ್ದು ಮೊರ ತಂದಳು. ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ, ಟ್ರಂಕಿನಿಂದ ಆ ಜರ್ಸಿ ತೆಗೆದು ಸಾವಂತ್ರಿಯ ಉಡಿಯಲ್ಲಿಟ್ಟಳು. "ಇಷ್ಟ ದಿನಾ ಇಟ್ಟಿದ್ರಾ?" ಎಂದವಳೇ ಅದನ್ನು ಮುಖಕ್ಕೆ ಒತ್ತಿಕೊಂಡಳು. ಸಂಜೆ ಅವಳನ್ನು ಒಬ್ಬಳನ್ನೇ ಬಸ್ಸಿಗೆ ಹತ್ತಿಸಲು ನನಗೆ ಮನಸ್ಸಾಗಲಿಲ್ಲ. ಬಬಲೇಶ್ವರದ ತನಕ ಜೊತೆಗೆ ಹೋಗಿ, ಬಾಗಿಲಿಗೆ ಬಿಟ್ಟು ಬಂದೆ.