ಬೋರ್‌ವೆಲ್ ನೀರಿನ ಮೀನುಗಳು

ನನ್ನ ಹೆಂಡತಿ ಮಸ್ಕತ್ತಿಗೆ ಹೊರಟಾಗ ನಮ್ಮ ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಅವಳು ನರ್ಸ್. ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದ ಅನುಭವವಿತ್ತು. ಅಲ್ಲಿಯ ಆಸ್ಪತ್ರೆಗೆ ಅಂಥವರೇ ಬೇಕಾಗಿದ್ದರು. ನಾನು ಯಶವಂತಪುರದ ಒಂದು ಕಾರ್ಖಾನೆಯಲ್ಲಿ, ತಯಾರಾಗಿ ಬಂದ ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ನೋಡುವ ಕೆಲಸದಲ್ಲಿದ್ದೆ. ಎಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಗಂಡ ಗಲ್ಫಿಗೆ ಹೋಗಿ ಹೆಂಡತಿ ಇಲ್ಲಿ ಉಳಿಯುವುದನ್ನು ಎಲ್ಲರೂ ಕಂಡಿದ್ದರು. ಹೆಂಡತಿ ಹೋಗಿ ಗಂಡ ಉಳಿದದ್ದನ್ನು ಯಾರೂ ಅಷ್ಟಾಗಿ ಕಂಡಿರಲಿಲ್ಲ. ಕ್ಯಾಂಟೀನಿನಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಿದ್ದರು.

"ಏನ್ ಗುರು, ನಿನ್ನನ್ನ ಯಾವಾಗ ಕರೆಸ್ಕೊಳ್ತಾರಂತೆ?"

ಮೊದಮೊದಲು ನಾನೂ ಅವರ ಜೊತೆ ನಗುತ್ತಿದ್ದೆ. ಆಮೇಲೆ ಊಟದ ಡಬ್ಬಿ ಹಿಡಿದು ಸ್ಟೋರ್ಸಿನ ಹಿಂದಿನ ಮರದ ಕೆಳಗೆ ಹೋಗಿ ಕೂರತೊಡಗಿದೆ.

ನಮ್ಮದು ಆರ್.ಟಿ. ನಗರದಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ. ಕೆಳಗೆ ಮನೆಯ ಒಡತಿ, ವಯಸ್ಸಾದ ಮುಸ್ಲಿಂ ಹೆಂಗಸು, ತಮ್ಮ ಮಗ ಸೊಸೆಯರ ಜೊತೆ ಇದ್ದರು. ನಾನು ಅವರನ್ನು ಅಮ್ಮಾ ಎನ್ನುತ್ತಿದ್ದೆ. ಅವರ ಮನೆಯೊಳಗೆ ಇಡೀ ದಿನ ದಖನಿ ಉರ್ದುವಿನಲ್ಲಿ ಮಾತು, ನಗು, ಜಗಳ. ಮೆಟ್ಟಿಲು ಹತ್ತಿ ನನ್ನ ಬಾಗಿಲು ತೆಗೆದರೆ ಒಂದು ಶಬ್ದವಿಲ್ಲ. ಬೆಳಿಗ್ಗೆ ನಾನು ಬಿಟ್ಟುಹೋದ ಲೋಟ ಬಿಟ್ಟ ಜಾಗದಲ್ಲೇ ಇರುತ್ತಿತ್ತು. ಅವಳಿದ್ದಾಗ ಹಾಗೆ ಇರುತ್ತಿರಲಿಲ್ಲ.

ಭಾನುವಾರಗಳು ಕಳೆಯುವುದು ಕಷ್ಟವಾಗಿ ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋಗುತ್ತಿದ್ದೆ. ಕೊಳ್ಳುವುದೇನೂ ಇರುತ್ತಿರಲಿಲ್ಲ. ಅಲ್ಲೊಂದು ಗಲ್ಲಿಯಲ್ಲಿ ಬಣ್ಣದ ಮೀನು ಮಾರುವ ಸಣ್ಣ ಅಂಗಡಿಯಿತ್ತು. ಒಳಗೆ ತಂಪು ಕತ್ತಲೆ, ಸುತ್ತ ಬೆಳಕಿನ ಪೆಟ್ಟಿಗೆಗಳು. ಅಲ್ಲಿ ನಿಂತರೆ ಯಾರೂ ಏನು ಬೇಕು ಎಂದು ಕೇಳುತ್ತಿರಲಿಲ್ಲ. ಒಂದು ಭಾನುವಾರ ಮೂಲೆಯ ಪೆಟ್ಟಿಗೆಯಲ್ಲಿ ನಾನು ಅದುವರೆಗೆ ನೋಡದ ಮೀನುಗಳಿದ್ದವು. ಬೆರಳುದ್ದದ ತಿಳಿ ನೀಲಿ ಮೈ, ಅದರ ಮೇಲೆ ಕಪ್ಪು ಪಟ್ಟೆ. ಬೇರೆ ಮೀನುಗಳು ಅತ್ತಿಂದಿತ್ತ ಸುಮ್ಮನೆ ಓಡಾಡುತ್ತಿದ್ದರೆ ಇವು ಒಂದೊಂದು ಕಲ್ಲನ್ನು ಹಿಡಿದು ನಿಂತು, ಗಾಜಿನಾಚೆ ಇದ್ದ ನನ್ನನ್ನು ನೋಡುತ್ತಿದ್ದವು. ನೋಡುತ್ತಿದ್ದವು ಅಂತಲೇ ನನಗೆ ಅನ್ನಿಸಿತು.

"ಆಫ್ರಿಕಾ ಮೀನು ಸಾರ್, ಸಿಕ್ಲಿಡ್ ಅಂತಾರೆ," ಎಂದ ಅಂಗಡಿಯವನು. "ಅಲ್ಲಿ ದೊಡ್ಡ ಸರೋವರದಲ್ಲಿ ಬಂಡೆ ಸಂದೀಲಿ ಇರ್ತವೆ. ಮದ್ರಾಸಲ್ಲಿ ಮರಿ ಮಾಡ್ಸಿ ಕಳಿಸ್ತಾರೆ. ನಿಮ್ಮನೇಲಿ ಯಾವ ನೀರು?"

"ಬೋರ್‌ವೆಲ್. ಸೋಪು ಹಾಕಿದ್ರೆ ನೊರೆನೇ ಬರಲ್ಲ. ಪಾತ್ರೆಯೆಲ್ಲಾ ಬೆಳ್ಳಗಾಗುತ್ತೆ."

"ಅದೇ ಬೇಕು ಇವಕ್ಕೆ! ಬೇರೆಯವರು ನೀರಿಗೆ ಸುಣ್ಣದ ಕಲ್ಲು ಹಾಕಿ ಒದ್ದಾಡ್ತಾರೆ. ನಿಮಗೆ ನಲ್ಲೀಲೇ ಬರ್ತದೆ."

ಆ ನೀರನ್ನು ಬೈಯದೆ ನನ್ನ ಹೆಂಡತಿ ಒಂದು ದಿನವೂ ತಲೆಸ್ನಾನ ಮಾಡಿರಲಿಲ್ಲ. ಅದನ್ನು ಹೊಗಳಿದವನು ಇವನೊಬ್ಬನೇ.

ಆವತ್ತು ಮೀನು ಕೊಡು ಎಂದರೆ ಅವನು ಕೊಡಲಿಲ್ಲ. ಮೊದಲು ತೊಟ್ಟಿ ಮಾಡಿಸಿ, ನೀರು ತುಂಬಿಸಿ, ನೀರು ಪಕ್ವವಾಗಲಿ, ಆಮೇಲೆ ಬನ್ನಿ ಎಂದ. ನಮ್ಮ ಬೀದಿಯ ತುದಿಯಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವವನೊಬ್ಬನಿದ್ದ. ಅವನಿಗೆ ಹೇಳಿ ಕಬ್ಬಿಣದ ಚೌಕಟ್ಟಿಗೆ ದಪ್ಪ ಗಾಜು ಕೂರಿಸಿ ಮೂರೂವರೆ ಅಡಿ ಉದ್ದದ ತೊಟ್ಟಿ ಮಾಡಿಸಿದೆ. ಮಲಗುವ ಕೋಣೆಯಲ್ಲಿ ಹೆಂಡತಿಯ ಟ್ರಂಕು ಇದ್ದ ಜಾಗ ಖಾಲಿಯಿತ್ತು. ಅಲ್ಲಿ ಮೇಜು ಹಾಕಿ ಇರಿಸಿದೆ. ಹೆಬ್ಬಾಳದ ಕಡೆ ಬಂಡೆ ಒಡೆಯುವ ಜಾಗಕ್ಕೆ ಸೈಕಲ್ಲಿನಲ್ಲಿ ಹೋಗಿ, ಅಂಗೈ ಅಗಲದ ಕಲ್ಲುಗಳನ್ನು ಆರಿಸಿ ಗೋಣಿಚೀಲದಲ್ಲಿ ತಂದೆ. ಕಲ್ಲು ಕುದಿಸಿ, ಮರಳು ತೊಳೆದು, ಮರಳಿನ ಮೇಲೆ ಕಲ್ಲಿನ ಗುಡ್ಡ ಕಟ್ಟಿದೆ. ಸಂದುಗಳು, ಗವಿಗಳು, ಒಂದು ಕಮಾನು. ಗಾಳಿ ಊದುವ ಪುಟ್ಟ ಪಂಪು ಹಾಕಿದೆ. ಮೊದಲ ವಾರ ನೀರು ಗಂಜಿಯಂತೆ ಬೆಳ್ಳಗಾಯಿತು. ಗಾಬರಿಯಾಗಿ ಅಂಗಡಿಗೆ ಓಡಿದೆ.

"ಸುಮ್ನಿರಿ ಸಾರ್," ಎಂದು ಅವನು ತನ್ನ ತೊಟ್ಟಿಯ ಹಳೆಯ ನೀರನ್ನೂ ಒಂದು ಹಿಡಿ ಕೊಳಕು ಮರಳನ್ನೂ ಡಬ್ಬಿಯಲ್ಲಿ ಹಾಕಿಕೊಟ್ಟ. "ಇದನ್ನ ಹುಯ್ಯಿರಿ. ಮೊಸರಿಗೆ ಹೆಪ್ಪು ಹಾಕಿದ ಹಾಗೆ."

ಕಾದೆ. ನೀರು ತಾನಾಗಿಯೇ ತಿಳಿಯಾಯಿತು. ಕೆಲಸದಿಂದ ಬಂದು ಮೀನಿಲ್ಲದ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು, ಕಲ್ಲಿನ ಮೇಲೆ ಹಸಿರು ಪಾಚಿ ಹಿಡಿಯುವುದನ್ನು ನೋಡುತ್ತಾ ಕೂತಿರುತ್ತಿದ್ದೆ.

ಕೊನೆಗೆ ನಾಲ್ಕು ಮೀನು ತಂದೆ. ಇನ್ನೂ ಹೆಚ್ಚು ಒಯ್ಯಿರಿ ಎಂದು ಅಂಗಡಿಯವನು ಹೇಳಿದ್ದನ್ನು ನಾನು ವ್ಯಾಪಾರದ ಮಾತು ಅಂದುಕೊಂಡಿದ್ದೆ. ನಾಲ್ಕರಲ್ಲಿ ದೊಡ್ಡ ಗಂಡು ಕಮಾನನ್ನು ಹಿಡಿಯಿತು. ಹಿಡಿದ ಮೇಲೆ ಉಳಿದ ಮೂರನ್ನು ಇಡೀ ತೊಟ್ಟಿಯಲ್ಲಿ ಎಲ್ಲೂ ನಿಲ್ಲಗೊಡಲಿಲ್ಲ. ಅಟ್ಟಿಸಿಕೊಂಡು ಹೋಗುವುದು, ಬಾಲ ಹರಿಯುವುದು. ಒಂದು ಮೀನು ಪಂಪಿನ ಕೊಳವೆಯ ಹಿಂದೆ ಅಡಗಿ ಅಲ್ಲೇ ಸತ್ತಿತು. ಮತ್ತೊಂದು ಎರಡು ದಿನದ ಮೇಲೆ. ನಾನು ಅಂಗಡಿಗೆ ಹೋಗಿ, ಆ ಗಂಡನ್ನು ವಾಪಸ್ಸು ತೆಗೆದುಕೋ, ಅದು ಕೊಲೆಗಾರ ಎಂದೆ.

"ಅಲ್ಲ ಸಾರ್, ನಾಲ್ಕೇ ಇದ್ರೆ ಅದಕ್ಕೆ ಅವೇ ಕಣ್ಣಿಗೆ ಬೀಳ್ತವೆ. ಇಪ್ಪತ್ತಿದ್ರೆ ಯಾರನ್ನ ಅಂತ ಅಟ್ಟಿಸ್ಕೊಂಡು ಹೋಗುತ್ತೆ? ಒಂದನ್ನ ಓಡ್ಸೋ ಹೊತ್ತಿಗೆ ಇನ್ನೊಂದು ಬರ್ತದೆ. ಸುಸ್ತಾಗಿ ಸುಮ್ನಾಗುತ್ತೆ."

ನೀಲಿಯವು, ಹಳದಿ ಮೈಗೆ ಕಪ್ಪು ಗೆರೆಯವು, ಕಂದು ಬಣ್ಣದ ಹೆಣ್ಣುಗಳು, ಒಂದೇ ಸಲಕ್ಕೆ ಎಲ್ಲ ತಂದು ಬಿಟ್ಟೆ. ಬಿಡುವ ಮೊದಲು ಅವನು ಹೇಳಿದಂತೆ ಕಲ್ಲುಗಳ ಜಾಗವನ್ನೂ ಬದಲಾಯಿಸಿದೆ. ತನ್ನ ಕಮಾನು ಕಾಣದೆ ದೊಡ್ಡ ಗಂಡು ಒಂದು ದಿನ ದಿಕ್ಕುತಪ್ಪಿದಂತೆ ಸುತ್ತಾಡಿತು. ಆಮೇಲೆ ಎಲ್ಲರ ಜೊತೆ ತಾನೂ ಒಂದಾಯಿತು. ಬೇಯಿಸಿದ ಪಾಲಕ್ ಸೊಪ್ಪನ್ನು ದಾರದಲ್ಲಿ ಕಟ್ಟಿ ಇಳಿಸಿದರೆ ಎಲ್ಲವೂ ಒಟ್ಟಿಗೆ ಮುತ್ತಿಕೊಳ್ಳುತ್ತಿದ್ದವು. ನನ್ನ ಅನ್ನದ ತಟ್ಟೆಯನ್ನೂ ಆ ಕೋಣೆಗೇ ತಂದುಕೊಂಡು ಉಣ್ಣುವ ಅಭ್ಯಾಸ ಆಗಲೇ ಶುರುವಾಯಿತು.

ಈ ಮೀನುಗಳಿಗೆ ಮರಳು ಅಗೆಯುವ ಚಟ ಎಂದು ನನಗೆ ಯಾರೂ ಹೇಳಿರಲಿಲ್ಲ. ಬಾಯಿತುಂಬ ಮರಳು ಎತ್ತಿ ಬೇರೆ ಕಡೆ ಉಗುಳುತ್ತವೆ. ನನ್ನ ಗುಡ್ಡ ನಿಂತಿದ್ದದ್ದು ಮರಳಿನ ಮೇಲೆ. ಒಂದು ದಿನ ಮೊದಲ ಶಿಫ್ಟ್ ಮುಗಿಸಿ ಬಂದರೆ ಕೆಳಗಿನ ಮನೆಯವರೆಲ್ಲ ನನ್ನ ಮೆಟ್ಟಿಲ ಮೇಲಿದ್ದರು. ಅಮ್ಮ ಸೆರಗು ಸಿಕ್ಕಿಸಿ ನಿಂತಿದ್ದರು.

"ಏನಪ್ಪಾ, ಫ್ಯಾನಿನ ಕೊಕ್ಕೆಯಿಂದ ನಮ್ಮನೇಲಿ ಮಳೆ! ಇನ್ನೊಂದು ಬೀಗದಕೈ ನನ್ನತ್ರ ಇತ್ತು, ತೆಗೆದು ಒಳಗೆ ಬಂದೆ. ನಿನ್ನ ಕಲ್ಲು ಬಿದ್ದು ಗಾಜು ಒಡೆದದೆ."

"ಮೀನು?"

"ನೆಲದ ಮೇಲೆಲ್ಲಾ ಎಗರ್ತಾ ಇದ್ವು. ನಾನೂ ಸೊಸೇನೂ ಕೈಯಲ್ಲೇ ಹಿಡಿದ್ವಿ. ನೋಡೋಗು."

ಅವರ ಅಡುಗೆಮನೆಯಲ್ಲಿ, ಹಬ್ಬಕ್ಕೆ ಬಿರಿಯಾನಿ ಮಾಡುವ ದೊಡ್ಡ ಹಂಡೆಯಲ್ಲಿ, ನನ್ನ ಮೀನುಗಳಿದ್ದವು. ಸಿಟ್ಟಾಗಿದ್ದರೂ ಅವರು ನನ್ನನ್ನು ಕೂರಿಸಿ ಚಹಾ ಕೊಟ್ಟರು. ಆ ಮನೆಯೊಳಗೆ ನಾನು ಕೂತದ್ದು ಅದೇ ಮೊದಲು. ಪಟದ ಅಂಗಡಿಯವನು ಹೊಸ ಗಾಜು ಹಾಕಿಕೊಡುವತನಕ ದಿನಕ್ಕೆರಡು ಸಲ ಹಂಡೆಯ ನೀರು ಬದಲಾಯಿಸಲು ಕೆಳಗೆ ಹೋಗಬೇಕಾಗುತ್ತಿತ್ತು. ಪ್ರತಿ ಸಲವೂ ಅಮ್ಮ, "ಊಟ ಆಯ್ತಾ?" ಎನ್ನುತ್ತಿದ್ದರು. ಆಯ್ತು ಎಂದು ಸುಳ್ಳು ಹೇಳಿದರೂ ರೊಟ್ಟಿ ಬರುತ್ತಿತ್ತು. ತೊಟ್ಟಿ ರಿಪೇರಿಯಾಗಿ ಮೀನುಗಳು ಮೇಲಕ್ಕೆ ಬಂದ ಸಂಜೆ ನನಗೆ ಸಂತೋಷವಾಗಬೇಕಿತ್ತು. ಕೆಳಗೆ ಹೋಗಲು ಇನ್ನು ನೆಪವಿಲ್ಲವಲ್ಲ ಎನ್ನಿಸಿತು. ಈ ಸಲ ಕಲ್ಲುಗಳನ್ನು ತಳದ ಮೇಲೇ ಭದ್ರವಾಗಿ ಕೂರಿಸಿ, ಆಮೇಲೆ ಸುತ್ತ ಮರಳು ಸುರಿದೆ.

ಮಾರನೆಯ ವರ್ಷ ಹೆಂಡತಿ ಒಂದು ತಿಂಗಳ ರಜೆಗೆ ಬಂದಳು. ಬೊಂಬಾಯಿಯಿಂದ ರೈಲಿಳಿದವಳು ಸ್ವಲ್ಪ ದಪ್ಪಗಾಗಿದ್ದಳು, ಬೇಗಬೇಗ ನಡೆಯುತ್ತಿದ್ದಳು. ಪತ್ರಗಳಲ್ಲಿ ಬೇಕಾದಷ್ಟು ಬರೆಯುತ್ತಿದ್ದ ನಾವು ಎದುರುಬದುರು ಕೂತಾಗ ಏನು ಮಾತಾಡುವುದೆಂದು ತಿಳಿಯದೆ ಚಹಾ ಕುಡಿದೆವು. ಕೋಣೆಗೆ ಬಂದು ತೊಟ್ಟಿ ನೋಡಿ, "ಇಷ್ಟು ದೊಡ್ಡದಾ!" ಎಂದಳು. ಅವಳು ಗಾಜಿನ ಹತ್ತಿರ ಬಂದ ಕೂಡಲೇ ಮೀನುಗಳೆಲ್ಲ ಕಲ್ಲಿನ ಸಂದಿಗೆ ನುಗ್ಗಿದವು.

"ನನ್ನ ಕಂಡ್ರೆ ಹೆದರ್ತವೆ ರೀ."

"ಹೊಸಬರಲ್ವಾ," ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಟ್ರಂಕು ಎಲ್ಲಿಡಲಿ ಎಂದು ಕೇಳಿದಳು.

ಅವಳ ರಜೆ ಮುಗಿಯುತ್ತಾ ಬಂದಾಗ ಕಂದು ಹೆಣ್ಣು ಮೀನೊಂದು ವಾರದಿಂದ ಏನೂ ತಿಂದಿರಲಿಲ್ಲ. ಗಂಟಲು ಊದಿಕೊಂಡು ಮೂಲೆ ಹಿಡಿದಿತ್ತು. ಬೇರೆಯವಕ್ಕೆ ಕಾಯಿಲೆ ಅಂಟುವ ಮೊದಲು ಅದನ್ನು ತೆಗೆದುಬಿಡೋಣವೆಂದು ನಾನು ಬಲೆ ತಂದೆ. ಅವಳು ನೆಲದ ಮೇಲೆ ಕೂತು ನೋಡುತ್ತಿದ್ದಳು.

"ತಡೀರಿ. ಕಾಯಿಲೆ ಬಿದ್ದಿರೋದು ಇಷ್ಟು ಹುಷಾರಾಗಿರಲ್ಲ. ನೀವು ಬಲೆ ತಂದ ಕೂಡ್ಲೇ ಹೇಗೆ ತಿರುಗ್ತು ನೋಡಿ. ಬಾಯಿ ಮೆಲ್ತಾ ಇದೆ, ಆದ್ರೆ ನುಂಗ್ತಿಲ್ಲ." ಟಾರ್ಚು ತರಿಸಿ ಗಾಜಿಗೆ ಹಿಡಿದಳು. ತೆಳು ಚರ್ಮದ ಹಿಂದೆ ಕಿತ್ತಳೆ ಬಣ್ಣದ ಕಾಳುಗಳು ಹೊರಳುವುದು ಕಂಡಿತು. "ಮೊಟ್ಟೆ ಕಣ್ರೀ! ಬಾಯೊಳಗೇ ಇಟ್ಕೊಂಡಿದೆ."

ಆವತ್ತು ಅವಳು ಬಂದ ಮೇಲೆ ಮೊದಲ ಸಲ ನಾವಿಬ್ಬರೂ ಬಹಳ ಹೊತ್ತು ಭುಜಕ್ಕೆ ಭುಜ ತಾಗಿಸಿ ಕೂತಿದ್ದೆವು. ಅವಳು ತನ್ನ ವಾರ್ಡಿನ ವಿಷಯ ಹೇಳಿದಳು. ಒಂಟೆಯ ಹಾಲು ತಂದುಕೊಟ್ಟ ಮುದುಕಿಯೊಬ್ಬಳ ವಿಷಯ, ಕಷ್ಟದ ಹೆರಿಗೆಗೆ ಡಾಕ್ಟರು ತನ್ನನ್ನೇ ಹುಡುಕಿ ಕರೆಯುವ ವಿಷಯ. ಹೇಳುತ್ತಾ ಅವಳ ಮುಖ ಅರಳಿತ್ತು. ಆಮೇಲೆ ಮೀನನ್ನು ನೋಡುತ್ತಲೇ ಅಂದಳು.

"ಇನ್ನೆರಡು ವರ್ಷಕ್ಕೆ ಸೈನ್ ಮಾಡಿ ಬಂದಿದೀನಿ. ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ."

"ಇಷ್ಟು ಬೇಗ ಯಾಕೆ?"

"ಅಲ್ಲಿ ಕೆಲಸ ನನಗೆ ಇಷ್ಟ ಆಗಿದೆ ರೀ. ಇಲ್ಲಿ ಯಾವತ್ತೂ ಹಾಗನ್ನಿಸಿರಲಿಲ್ಲ."

ಬೇಡ ಎನ್ನಲು ನನ್ನಲ್ಲಿ ಕಾರಣವಿರಲಿಲ್ಲ. ನನಗೆ ಬೇಜಾರಾಗುತ್ತದೆ ಎನ್ನುವುದೊಂದಿತ್ತು. ಅದನ್ನು ಹೇಳಲು ಬಾಯಿ ಬರಲಿಲ್ಲ. ಎದ್ದು ಬಕೆಟ್ಟು ತಂದು ತೊಟ್ಟಿಯ ನೀರು ಬದಲಾಯಿಸುವ ಕೆಲಸ ಶುರುಮಾಡಿದೆ. ಆವತ್ತು ಬದಲಾಯಿಸುವ ದಿನವಲ್ಲ. ಅವಳೂ ಎದ್ದು ಬಂದು ಕೊಳವೆ ಹಿಡಿದಳು.

ಅವಳನ್ನು ರೈಲು ಹತ್ತಿಸಿ ಬಂದ ಕೆಲವು ದಿನಗಳ ಮೇಲೆ ಮರಿಗಳು ಹೊರಬಂದವು. ಅಷ್ಟರಲ್ಲಿ ಆ ಹೆಣ್ಣನ್ನು ಬೇರೆ ಗಾಜಿನ ಜಾಡಿಗೆ ಹಾಕಿದ್ದೆ. ಅದು ಬಾಯಿ ತೆರೆದಾಗ ಉಗುರಿನಷ್ಟು ಉದ್ದದ ಮರಿಗಳು ಒಂದೊಂದಾಗಿ ಜಾರಿ ಬಂದವು. ಜಾಡಿಗೆ ನನ್ನ ನೆರಳು ಬಿದ್ದದ್ದೇ ತಡ, ಎಲ್ಲ ತಿರುಗಿ ತಾಯಿಯ ಬಾಯೊಳಗೆ ನುಗ್ಗಿದವು. ಆ ಹೊತ್ತಿಗೆ ಪಕ್ಕದಲ್ಲಿ ಅವಳಿರಬೇಕಿತ್ತು. ಕೆಳಗೆ ಹೋಗಿ ಅಮ್ಮನನ್ನು ಕರೆದೆ. ಮಂಡಿನೋವಿನಲ್ಲೂ ಅವರು ಮೆಟ್ಟಿಲು ಹತ್ತಿ ಬಂದು ನೋಡಿ, "ಅಲ್ಲಾ, ಏನ್ ಜನ್ಮ!" ಎಂದು ಮೂಗಿನ ಮೇಲೆ ಬೆರಳಿಟ್ಟರು.

ತಿಂಗಳಿಗೊಮ್ಮೆ ಶುಕ್ರವಾರ ಅವಳು ಮುಖ್ಯರಸ್ತೆಯ ಔಷಧಿ ಅಂಗಡಿಗೆ ಫೋನು ಮಾಡುತ್ತಿದ್ದಳು. ನಾನು ಮೊದಲೇ ಹೋಗಿ ಕಾದಿರುತ್ತಿದ್ದೆ. ಆ ಶುಕ್ರವಾರ ಲೈನು ಬಹಳ ಕೆಟ್ಟದಾಗಿತ್ತು.

"ಮರಿ ಬಂದ್ವು!" ಎಂದು ಕೂಗಿದೆ.

"ಏನು?"

"ಮರಿ! ಎಲ್ಲಾ ಬದುಕಿವೆ!"

ಔಷಧಿಗೆ ಬಂದವರೆಲ್ಲ ನನ್ನ ಕಡೆ ತಿರುಗಿದರು. ಅವಳು ಆಚೆ ಕಡೆ ನಕ್ಕದ್ದು ಕೇಳಿಸಿತು. "ಅಯ್ಯೋ, ನಾನು ನೋಡ್ಬೇಕಿತ್ತು ಕಣ್ರೀ," ಎಂದಳು. ಆಮೇಲೆ ಬರೀ ಗೊರಗೊರ ಸದ್ದು. ಇಷ್ಟು ಜನರ ಮುಂದೆ ಇನ್ನೇನು ಹೇಳುವುದೆಂದು ನಾನು ಯೋಚಿಸುತ್ತಿರುವಾಗಲೇ ಲೈನು ಹೋಯಿತು. ಕೆಮ್ಮಿನ ಔಷಧಿ ಹಿಡಿದಿದ್ದ ಹಿರಿಯರೊಬ್ಬರು, "ನಾಯಿ ಮರಿನಾ ಸಾರ್?" ಎಂದು ಕೇಳಿದರು. ಮೀನು ಎಂದು ಹೇಳಿ ಹೊರಗೆ ಬಂದೆ.

ಆ ಎರಡು ವರ್ಷದ ಮೇಲೆ ಅವಳು ಇನ್ನೊಂದು ವರ್ಷ ಅಲ್ಲಿದ್ದಳು. ಆಮೇಲೆ ಬಂದಳು, ಇಲ್ಲೇ ಉಳಿಯಲು. ಮೀನುಗಳು ಅಷ್ಟರಲ್ಲಿ ಮರಿಗಳ ಮರಿಗಳಾಗಿ, ಹಿಡಿಸಲಾರದಷ್ಟಾಗಿ, ಚೀಲಗಟ್ಟಲೆ ಶಿವಾಜಿನಗರದ ಅಂಗಡಿಗೆ ವಾಪಸ್ಸು ಹೋಗಿದ್ದವು. ಅವಳು ಹತ್ತಿರ ಬಂದರೆ ಓಡದೆ ನಿಲ್ಲಲು ಉಳಿದವಕ್ಕೆ ಸುಮಾರು ಹದಿನೈದು ದಿನ ಹಿಡಿಯಿತು. ನಮಗಿಬ್ಬರಿಗೆ ಅದಕ್ಕಿಂತ ಹೆಚ್ಚೇ ಹಿಡಿಯಿತು. ಅವಳಿಗೆ ಇಲ್ಲಿಯ ಆಸ್ಪತ್ರೆಗಳು ಹಿಡಿಸಲಿಲ್ಲ. ಮಧ್ಯಾಹ್ನಗಳಲ್ಲಿ ಸುಮ್ಮನೆ ಕಿಟಕಿಯ ಬಳಿ ನಿಂತಿರುತ್ತಿದ್ದಳು, ನಾನು ಕಾರ್ಖಾನೆಯಿಂದ ಬಂದದ್ದೂ ತಿಳಿಯುತ್ತಿರಲಿಲ್ಲ. ಒಂದು ಸಂಜೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಅವಳ ಪಕ್ಕ ನಿಂತು, ನೀನು ಅಲ್ಲಿದ್ದಾಗ ನನಗೆ ಬಹಳ ಬೇಜಾರಾಗುತ್ತಿತ್ತು ಎಂದೆ. ಅಷ್ಟು ವರ್ಷಗಳಲ್ಲಿ ನಾನು ಹಾಗೆ ಹೇಳಿದ್ದು ಅದೇ ಮೊದಲು.

"ನನಗೀಗ ಆಗ್ತಿದೆ," ಎಂದಳು ಅವಳು.

ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತಿದ್ದಳು. ಇಬ್ಬರೂ ಕೆಳಗಿಳಿದು ಹೋಗಿ ಪಾಲಕ್ ತಂದೆವು.